ರನ್‌ವೇಯ ನೆರೆಯಲ್ಲಿ ಕಚೇರಿ ಕಟ್ಟಡ: ಎತ್ತರದ ಮಿತಿಯನ್ನು ಕುರಿತ ಒಂದು ಸಂವಾದ

ವಿಮಾನ ನಿಲ್ದಾಣ ಬಂದ ಕಡೆ ನೆಲದ ಬೆಲೆ ಏರುತ್ತದೆ. ಬೆಲೆ ಏರಿದ ನೆಲವನ್ನು ಕೊಂಡವರು ಹಾಕಿದ ಬಂಡವಾಳ ಹಿಂದಿರುಗಬೇಕೆಂದು ಮಹಡಿಯ ಮೇಲೆ ಮಹಡಿ ಎಬ್ಬಿಸಲು ಹೊರಡುತ್ತಾರೆ. ಆ ಮಹಡಿಗಳು ಒಂದು ಮಿತಿಯನ್ನು ದಾಟಿದೊಡನೆ ಬೆಲೆಗೆ ಮೂಲವಾದ ನಿಲ್ದಾಣಕ್ಕೇ ತೊಡಕಾಗುತ್ತವೆ. ಆ ಮಿತಿ ಎಲ್ಲಿದೆ, ಅದನ್ನು ಯಾವ ಲೆಕ್ಕದ ಮೇಲೆ ಗೊತ್ತುಮಾಡಲಾಗಿದೆ, ಅದನ್ನು ಮೀರಿದರೆ ಯಾರಿಗೆ ಏನು ನಷ್ಟ ಎಂಬುದನ್ನು ಮುಂದಿನ ಸಂವಾದ ಪರಿಶೀಲಿಸುತ್ತದೆ. ಪಾಲ್ಗೊಂಡ ಇಬ್ಬರಲ್ಲಿ ಒಬ್ಬರು ಕಚೇರಿ ಕಟ್ಟಡಗಳ ವಿನ್ಯಾಸದಲ್ಲಿ ನುರಿತ ವಾಸ್ತುಶಿಲ್ಪಿ. ಇನ್ನೊಬ್ಬರು ವಾಯುಸಂಚಾರ ನಿಯಂತ್ರಣದಲ್ಲಿ, ಅಂದರೆ ವಿಮಾನಗಳು ಪರಸ್ಪರ ಸುರಕ್ಷಿತ ಅಂತರ ಕಾಯ್ದುಕೊಂಡು ಇಳಿದು ಏರುವಂತೆ ನೋಡಿಕೊಳ್ಳುವ ಕೆಲಸದಲ್ಲಿ, ಬಹುಕಾಲ ದುಡಿದ ಅಧಿಕಾರಿ.

ವಾಸ್ತುಶಿಲ್ಪಿ: ಇಳಿಯುವ ವಿಮಾನ ಎಲ್ಲೆಂದರಲ್ಲಿ ಇಳಿಯುವುದಿಲ್ಲ, ಅದರ ದಾರಿಯೂ ಎತ್ತರವೂ ಮೊದಲೇ ನಿಗದಿಯಾಗಿರುತ್ತವೆ. ಹೀಗಿರುವಾಗ ರನ್‌ವೇಯ ಅಂಚಿನಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಹತ್ತು ಮಹಡಿಯ ಒಂದು ಕಚೇರಿ ಕಟ್ಟಡ ಎದ್ದರೆ ಅದಕ್ಕೆ ಆಕ್ಷೇಪವೇಕೆ? ಅಷ್ಟು ದೂರದಲ್ಲಿ ವಿಮಾನ ಕಟ್ಟಡಕ್ಕಿಂತ ಬಹಳ ಮೇಲಿರುತ್ತದೆ ಎಂಬುದು ಯಾರಿಗಾದರೂ ಕಣ್ಣಿಗೆ ಕಾಣುವ ಸಂಗತಿ.

ನಿಯಂತ್ರಕ: ತಾವು ಹೇಳಿದ ಕಟ್ಟಡವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ವಿಮಾನಗಳು 3 ಡಿಗ್ರಿ ಇಳಿಜಾರಿನಲ್ಲಿ ಇಳಿದು, ರನ್‌ವೇಯ ಅಂಚನ್ನು ಸುಮಾರು 15 ಮೀಟರ್ ಎತ್ತರದಲ್ಲಿ ದಾಟುತ್ತವೆ. ಆ ಪ್ರಕಾರ ಒಂದೂವರೆ ಕಿಲೋಮೀಟರ್ ಹಿಂದೆ ವಿಮಾನ ರನ್‌ವೇಯ ಮಟ್ಟದಿಂದ ಹೆಚ್ಚುಕಡಿಮೆ 94 ಮೀಟರ್ ಮೇಲಿರಬೇಕು. ಕಚೇರಿಯ ಒಂದು ಮಹಡಿಗೆ 4 ಮೀಟರ್ ಹಿಡಿದರೆ ಹತ್ತು ಮಹಡಿಗೆ 40 ಮೀಟರ್ ಆಗುತ್ತದೆ. ನಡುವೆ 54 ಮೀಟರ್ ಉಳಿಯುತ್ತದೆ, ಆದ್ದರಿಂದ ತಮ್ಮ ಮಾತು ಇಲ್ಲಿಯವರೆಗೆ ಸರಿ. ಆದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 14ನೆಯ ಅನುಬಂಧ ದೊಡ್ಡ ನಿಲ್ದಾಣಗಳಿಗೆ ವಿಧಿಸಿರುವ ‘ಸಮೀಪನ ಮೇಲ್ಮೈ’, ಎಂದರೆ ಇಳಿಯುವ ದಾರಿಯ ಕೆಳಗೆ ಹಾಸಿದಂತೆ ಕಲ್ಪಿಸಿಕೊಂಡ ಓರೆ ಸಮತಲ, ರನ್‌ವೇಯ ಅಂಚಿನಿಂದ 60 ಮೀಟರ್ ಹಿಂದೆ ಆರಂಭವಾಗಿ ಪ್ರತಿ 50 ಮೀಟರಿಗೆ 1 ಮೀಟರಿನಂತೆ ಮೇಲೇರುತ್ತದೆ. ಒಂದೂವರೆ ಕಿಲೋಮೀಟರಿನಲ್ಲಿ ಅದರ ಎತ್ತರ 29 ಮೀಟರಿಗಿಂತ ತುಸು ಕಡಿಮೆ. ಆದ್ದರಿಂದ ತಮ್ಮ ಕಟ್ಟಡ ಆ ಸಮತಲವನ್ನು 11 ಮೀಟರಿನಷ್ಟು ಸೀಳಿ ಮೇಲೆ ನಿಲ್ಲುತ್ತದೆ.

ವಾಸ್ತುಶಿಲ್ಪಿ: ಹಾಗಾದರೆ ಆಕ್ಷೇಪವಿರುವುದು ಒಂದು ಕಲ್ಪಿತ ಸಮತಲದ ಹೆಸರಿನಲ್ಲಿ. ವಿಮಾನಕ್ಕೂ ಕಟ್ಟಡಕ್ಕೂ ನಡುವೆ 54 ಮೀಟರ್ ಖಾಲಿ ಜಾಗ ಇದ್ದೇ ಇದೆಯಲ್ಲ?

ನಿಯಂತ್ರಕ: ಆ ಜಾಗ ಖಾಲಿಯಾಗಿ ಕಂಡರೂ ವಾಸ್ತವವಾಗಿ ಮೊದಲೇ ಹಂಚಿಹೋಗಿದೆ. ಎಲ್ಲವೂ ಸರಿಯಿರುವ ದಿನ ವಿಮಾನಕ್ಕೆ ಅದರ ಅಗತ್ಯ ಬೀಳುವುದಿಲ್ಲ. ಏನೋ ಒಂದು ಕೆಟ್ಟ ದಿನಕ್ಕಾಗಿಯೇ ಅದನ್ನು ಮೀಸಲಿಟ್ಟಿರುವುದು. ನೆಲದಿಂದ ಬರುವ ಇಳಿಜಾರಿನ ಸಂಕೇತ ಸಿಗದೆ ಪೈಲಟ್ ಕೇವಲ ಎತ್ತರಮಾಪಕವನ್ನು ನಂಬಿ ಇಳಿಯಬೇಕಾಗಬಹುದು, ಗಾಳಿಯ ಹೊಡೆತಕ್ಕೆ ವಿಮಾನ ನಿಗದಿತ ಇಳಿಜಾರಿಗಿಂತ ಕೆಳಗೆ ಜಾರಬಹುದು, ಕೊನೆಯ ಗಳಿಗೆಯಲ್ಲಿ ರನ್‌ವೇ ಕಾಣದೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕಾಗಬಹುದು. ಹಾಗೆ ಮೇಲೇರುವ ನಿರ್ಧಾರವಾದ ಮೇಲೂ ಎಂಜಿನ್‌ಗಳು ಪೂರ್ಣ ಬಲ ಪಡೆದು ಇಳಿತ ಏರಿಕೆಯಾಗಿ ತಿರುಗುವಷ್ಟರಲ್ಲಿ ವಿಮಾನ ಇನ್ನಷ್ಟು ಕೆಳಗೆ ಹೋಗಿರುತ್ತದೆ. ಇದರ ಜೊತೆಗೆ ಮರೆಯಬಾರದ ಇನ್ನೊಂದು ಸಂಗತಿಯಿದೆ: ಗಾಳಿಯ ದಿಕ್ಕು ಬದಲಾದಂತೆ ರನ್‌ವೇಯನ್ನು ಎರಡೂ ಕಡೆಯಿಂದ ಬಳಸುತ್ತಾರಾದ್ದರಿಂದ, ಇಂದು ಇಳಿಯುವ ದಾರಿಯಲ್ಲಿರುವ ಕಟ್ಟಡ ನಾಳೆ ಮೇಲೇರುವ ದಾರಿಯಲ್ಲಿರುತ್ತದೆ.

ವಾಸ್ತುಶಿಲ್ಪಿ: ಮೇಲೇರುವ ವಿಮಾನವಂತೂ ಇಳಿಯುವುದಕ್ಕಿಂತ ಬಹಳ ಕಡಿದಾದ ಕೋನದಲ್ಲಿ ಏರುತ್ತದೆ. ಅದಕ್ಕೆ ಹತ್ತು ಮಹಡಿಯ ಕಟ್ಟಡ ಯಾವ ಲೆಕ್ಕ?

ನಿಯಂತ್ರಕ: ಎರಡೂ ಎಂಜಿನ್ ನಡೆಯುತ್ತಿರುವಾಗ ಅದು ನಿಜ. ಆದರೆ ವಿಮಾನ ಎಷ್ಟು ಭಾರ ಹೊತ್ತು ಹೊರಡಬಹುದು ಎಂಬುದನ್ನು ನಿಗದಿಮಾಡುವುದು ಮೇಲೇರುವ ಅತಿ ನಾಜೂಕಿನ ಹೊತ್ತಿನಲ್ಲಿ ಒಂದು ಎಂಜಿನ್ ಕೆಟ್ಟು ನಿಂತಿದೆ ಎಂದು ಊಹಿಸಿಕೊಂಡು ಮಾಡುವ ಲೆಕ್ಕ. ಎರಡು ಎಂಜಿನ್‌ಗಳ ಜೆಟ್ ವಿಮಾನ ಒಂದೇ ಎಂಜಿನ್ ಬಲದಿಂದ, ಚಕ್ರಗಳನ್ನು ಒಳಗೆಳೆದುಕೊಂಡ ಮೇಲೆ, ಕನಿಷ್ಠ ಶೇಕಡ 2.4ರ ಏರಿಕೆ ಸಾಧಿಸಬಲ್ಲದೆಂದು ತೋರಿಸಿರಬೇಕು. ಆ ಏರಿಕೆಯಿಂದ ಮುನ್ನೆಚ್ಚರಿಕೆಗಾಗಿ 0.8ನ್ನು ಕಳೆದು ಉಳಿದ ಶೇಕಡ 1.6ನ್ನು ‘ನಿವ್ವಳ ಪಥ’ವೆಂದು ಪರಿಗಣಿಸುತ್ತಾರೆ, ಈ ಪಥ ದಾರಿಯಲ್ಲಿರುವ ಪ್ರತಿಯೊಂದು ಅಡೆತಡೆಗಿಂತ ಕನಿಷ್ಠ 35 ಅಡಿ, ಅಂದರೆ ಸುಮಾರು 11 ಮೀಟರ್, ಮೇಲಿರಬೇಕು. ಲೆಕ್ಕವನ್ನು ಸರಳಗೊಳಿಸಿ ಹೇಳುವುದಾದರೆ, ರನ್‌ವೇ ಮುಗಿದು 3 ಕಿಲೋಮೀಟರ್ ಆಚೆ ಅದೇ ಮಟ್ಟದ ನೆಲದಲ್ಲಿ ನಿಂತ 48 ಮೀಟರಿನ ಕಟ್ಟಡ, ಎಂದರೆ ಮೇಲಿನ ಲೆಕ್ಕದ ಹನ್ನೆರಡು ಮಹಡಿ, ಇಂಥ ವಿಮಾನಕ್ಕೆ ಕೊನೆಯ ಮಿತಿ. ಹದಿಮೂರನೆಯ ಮಹಡಿ ಬಂದರೆ ವಿಮಾನ ಅದಕ್ಕೆ ಬಡಿಯುತ್ತದೆ ಎಂದಲ್ಲ. ವಿಮಾನಯಾನ ಸಂಸ್ಥೆ ಪ್ರಯಾಣಿಕರನ್ನೋ ಸರಕನ್ನೋ ಇಂಧನವನ್ನೋ ಇಳಿಸಿ, ಭಾರ ಕಡಿಮೆ ಮಾಡಿಕೊಂಡು ಹೊರಡಬೇಕಾಗುತ್ತದೆ ಎಂದು. ಬೆಂಗಳೂರಿನಂತೆ ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರವಿರುವ ಊರಿನಲ್ಲಿ, ಗಾಳಿ ತೆಳುವಾಗಿರುವ ಬೇಸಿಗೆಯ ಮಧ್ಯಾಹ್ನ, ಎಂಜಿನ್‌ಗೂ ರೆಕ್ಕೆಗೂ ಸಿಗುವ ಬಲ ಮೊದಲೇ ಕಡಿಮೆಯಿರುವುದರಿಂದ ಈ ಮಿತಿ ಇನ್ನೂ ಬಿಗಿಯಾಗುತ್ತದೆ.

ವಾಸ್ತುಶಿಲ್ಪಿ: ಇಳಿಯುವ ಕಡೆಯೂ ಇಂಥದೇ ನಷ್ಟವಿದೆಯೇ?

ನಿಯಂತ್ರಕ: ಇದೆ, ಮತ್ತು ಅದನ್ನು ಮೀಟರಿನಲ್ಲಿ ಅಳೆಯಬಹುದು. ಅಡೆತಡೆಯನ್ನು ತೆಗೆಸಲಾಗದಿದ್ದರೆ ವಿಮಾನಗಳು ಚಕ್ರ ಊರುವ ಭಾಗದ ಆರಂಭದ ಗುರುತನ್ನು ರನ್‌ವೇಯ ಒಳಕ್ಕೆ ಸರಿಸುತ್ತಾರೆ. ಇದಕ್ಕೆ ಸ್ಥಳಾಂತರಿತ ಹೊಸ್ತಿಲು ಎಂದು ಹೆಸರು. ಸಮತಲ 50ಕ್ಕೆ 1ರಂತೆ ಏರುವುದರಿಂದ, ಅದನ್ನು ಮೀರಿದ ಪ್ರತಿ 1 ಮೀಟರಿಗೆ 50 ಮೀಟರ್ ರನ್‌ವೇ ಇಳಿಯುವ ಬಳಕೆಗೆ ಇಲ್ಲವಾಗುತ್ತದೆ. ತಮ್ಮ ಕಟ್ಟಡದ 11 ಮೀಟರಿಗೆ 550 ಮೀಟರ್ ಆಯಿತು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ಸುಮಾರು 3,300 ಮೀಟರ್ ಉದ್ದವಿದೆ ಎಂಬುದನ್ನು ನೆನೆದರೆ, ಮೂರು ಮಹಡಿಯ ಆಸೆಗೆ ಅಷ್ಟು ದೊಡ್ಡ ರನ್‌ವೇಯ ಆರನೆಯ ಒಂದು ಭಾಗ ತೆರಬೇಕಾಗುತ್ತದೆ. ಡಾಂಬರು ಹಾಸಿದ ನೆಲ ಅಲ್ಲೇ ಇರುತ್ತದೆ, ಇಳಿಯುವ ವಿಮಾನಕ್ಕೆ ಮಾತ್ರ ದಕ್ಕುವುದಿಲ್ಲ.

ವಾಸ್ತುಶಿಲ್ಪಿ: ಇವೆಲ್ಲ ರನ್‌ವೇಯ ನೇರಕ್ಕೆ ಬರುವ ಜಾಗಗಳ ಮಾತು. ಪಕ್ಕಕ್ಕೆ, ಎರಡು ಮೂರು ಕಿಲೋಮೀಟರ್ ದೂರದಲ್ಲಿ ಕಟ್ಟುವವರಿಗೂ ಅನುಮತಿ ಬೇಕೆನ್ನುವುದಕ್ಕೆ ಏನು ಆಧಾರ?

ನಿಯಂತ್ರಕ: ವಿಮಾನಗಳು ಯಾವಾಗಲೂ ನೇರವಾಗಿಯೇ ಬಂದಿಳಿಯುವುದಿಲ್ಲ. ಒಂದು ತುದಿಯ ಕಡೆಯಿಂದ ಉಪಕರಣಗಳ ನೆರವಿನಿಂದ ಬಂದು, ರನ್‌ವೇ ಕಣ್ಣಿಗೆ ಬಿದ್ದ ಮೇಲೆ ನಿಲ್ದಾಣವನ್ನು ಸುತ್ತಿ ಇನ್ನೊಂದು ತುದಿಯಲ್ಲಿ ಇಳಿಯುವ ಪದ್ಧತಿಯೂ ಉಂಟು. ಅದಕ್ಕಾಗಿಯೇ ದೊಡ್ಡ ನಿಲ್ದಾಣಗಳ ಸುತ್ತ 4 ಕಿಲೋಮೀಟರ್ ದೂರದವರೆಗೆ, ನಿಲ್ದಾಣದ ಮಟ್ಟದಿಂದ 45 ಮೀಟರ್ ಎತ್ತರದಲ್ಲಿ ‘ಒಳ ಸಮತಳ ಮೇಲ್ಮೈ’ಯನ್ನೂ, ಅದರ ಅಂಚಿನಿಂದ ಹೊರಕ್ಕೆ ಶೇಕಡ 5ರ ಏರಿಕೆಯಲ್ಲಿ ಶಂಕುವಿನಾಕಾರದ ಮೇಲ್ಮೈಯನ್ನೂ ಕಲ್ಪಿಸಲಾಗಿದೆ. ಸುತ್ತುವ ವಿಮಾನ ಎಷ್ಟು ಕೆಳಗೆ ಬರಬಹುದೆಂಬುದನ್ನು ಆ ವಲಯದ ಅತಿ ಎತ್ತರದ ವಸ್ತುವಿನ ಮೇಲೆ ಗೊತ್ತಾದ ಅಂತರವನ್ನು ಕೂಡಿಸಿ ನಿರ್ಧರಿಸುತ್ತಾರೆ. ಹೊಸ ಕಟ್ಟಡ ಹಳೆಯದಕ್ಕಿಂತ 6 ಮೀಟರ್ ಎತ್ತರವಾದರೆ ಆ ಕನಿಷ್ಠ ಎತ್ತರವೂ ಅಷ್ಟೇ ಮೇಲೇರುತ್ತದೆ. ಮೋಡ ಕೆಳಗಿಳಿದ ದಿನ ನಿನ್ನೆಯವರೆಗೆ ಇಳಿಯಬಹುದಾಗಿದ್ದ ವಿಮಾನ ಇಂದು ಬೇರೆ ಊರಿಗೆ ಹೋಗಬೇಕಾಗುತ್ತದೆ.

ವಾಸ್ತುಶಿಲ್ಪಿ: 6 ಮೀಟರಿಗಾಗಿ ಒಂದು ಕಚೇರಿ ಕಟ್ಟಡಕ್ಕೆ ತಡೆ ಬಿದ್ದ ನಿದರ್ಶನ ನಿಜವಾಗಿಯೂ ಇದೆಯೇ, ಅಥವಾ ಇದು ಕಾಗದದ ಮೇಲಿನ ವಾದವೇ?

ನಿಯಂತ್ರಕ: ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಡಿಯೇಗೊ ನಗರದಲ್ಲಿ, ಸಣ್ಣ ವಿಮಾನಗಳು ಬಳಸುವ ಮಾಂಟ್‌ಗೊಮರಿ ಫೀಲ್ಡ್ ಎಂಬ ನಿಲ್ದಾಣದ ಬಳಿ ಹನ್ನೆರಡು ಮಹಡಿಯ ಕಚೇರಿ ಕಟ್ಟಡವೊಂದು ಎದ್ದಿತು. 160 ಅಡಿ ಮೀರಿದರೆ ಅದು ವಾಯುಸಂಚಾರಕ್ಕೆ ಅಪಾಯಕಾರಿ ಎಂದು ಅಲ್ಲಿನ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ 2006ರಲ್ಲಿ ತಿಳಿಸಿದ್ದರೂ ಕಟ್ಟಡ 180 ಅಡಿಗೆ ಏರಿತು. ಮೋಡ ಕವಿದ ದಿನಗಳಲ್ಲಿ ಸುತ್ತಿ ಇಳಿಯುವ ವಿಮಾನಗಳೇ ಇಲ್ಲಿ ಮುಖ್ಯ ಚಿಂತೆಯಾಗಿದ್ದವು. ಕಡಲತೀರದ ಆ ಊರಿನಲ್ಲಿ ಕೆಳಮಟ್ಟದ ಮೋಡ ಅಪರೂಪವಲ್ಲ. ಇಲ್ಲಿ ಗಮನಿಸಬೇಕಾದ ಮಾತೆಂದರೆ, ಫೆಡರಲ್ ಸಂಸ್ಥೆಗೆ ‘ಇದು ಅಪಾಯ’ ಎಂದು ಹೇಳುವ ಅಧಿಕಾರವಿತ್ತೇ ಹೊರತು ಕಟ್ಟಡವನ್ನು ತಡೆಯುವ ಅಧಿಕಾರವಿರಲಿಲ್ಲ. ತಡೆಯುವ ಅಧಿಕಾರ ರಾಜ್ಯದ ಕಾನೂನಿಗೂ ನಗರಾಡಳಿತಕ್ಕೂ ಸೇರಿತ್ತು. ಎಚ್ಚರಿಸುವವರು ಒಬ್ಬರು, ಪರವಾನಗಿ ಕೊಡುವವರು ಇನ್ನೊಬ್ಬರಾದ ಕಾರಣ, ಈ ಎರಡರ ನಡುವಿನ ಸಂದಿಯಲ್ಲಿ ಉಕ್ಕಿನ ಚೌಕಟ್ಟು ಮೇಲೇರಿಬಿಟ್ಟಿತು. ರಾಜಕೀಯ ವಿವಾದ, ಮೊಕದ್ದಮೆ ಎಲ್ಲ ನಡೆದು, 2007ರಲ್ಲಿ ಮೇಲಿನ 20 ಅಡಿಯನ್ನು ಕಳಚಿ ಕಟ್ಟಡವನ್ನು 160 ಅಡಿಗೆ ಇಳಿಸಲಾಯಿತು. ಆ 20 ಅಡಿ ಎಂದರೆ ಬರಿಯ 6 ಮೀಟರ್.

ವಾಸ್ತುಶಿಲ್ಪಿ: ಭಾರತದಲ್ಲಿ ಆ ಸಂದಿ ಇಲ್ಲವೆಂದು ಹೇಳಬಹುದೇ?

ನಿಯಂತ್ರಕ: ಕಾನೂನಿನ ಮಟ್ಟಿಗೆ ಬಹುಪಾಲು ಮುಚ್ಚಿದೆ. ನಿಲ್ದಾಣದ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಕಟ್ಟಡಗಳನ್ನೂ ಮರಗಳನ್ನೂ ನಿಯಂತ್ರಿಸುವ ಅಧಿಕಾರವನ್ನು 1934ರ ವಿಮಾನ ಅಧಿನಿಯಮದ 9ಎ ಪ್ರಕರಣ ಕೇಂದ್ರ ಸರ್ಕಾರಕ್ಕೆ ಕೊಟ್ಟಿತ್ತು. ಆ ಅಧಿನಿಯಮದ ಸ್ಥಾನಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. 2015ರ ಸೆಪ್ಟೆಂಬರ್ 30ರಂದು ಹೊರಡಿಸಿದ ಎತ್ತರ ನಿರ್ಬಂಧ ನಿಯಮಗಳ ಪ್ರಕಾರ ನಾಗರಿಕ ನಿಲ್ದಾಣಗಳ ಬಳಿ ಕಟ್ಟುವವರು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಪ್ರತಿ ಅರ್ಜಿಯೂ ಪ್ರಾಧಿಕಾರದವರೆಗೆ ಹೋಗಬೇಕಾಗದಂತೆ ಬಣ್ಣದ ವಲಯ ನಕ್ಷೆಗಳನ್ನು ಸಿದ್ಧಪಡಿಸಲಾಗಿದೆ. ನಕ್ಷೆಯ ಒಂದೊಂದು ಚೌಕಕ್ಕೂ ನಮೂದಿಸಿದ ಎತ್ತರದವರೆಗೆ ಸ್ಥಳೀಯ ಸಂಸ್ಥೆಯೇ ನಕ್ಷೆ ಮಂಜೂರು ಮಾಡಬಹುದು, ಕೆಂಪು ವಲಯದಲ್ಲಿ ಎತ್ತರ ಎಷ್ಟೇ ಇದ್ದರೂ ಪತ್ರ ಕಡ್ಡಾಯ. ಬೆಂಗಳೂರಿನ ಹೆಬ್ಬಾಳದಂಥ ಕಡೆ ಜಕ್ಕೂರು, ಯಲಹಂಕ, ಎಚ್‌ಎಎಲ್ ಹೀಗೆ ಒಂದಕ್ಕಿಂತ ಹೆಚ್ಚು ನಿಲ್ದಾಣಗಳ ವ್ಯಾಪ್ತಿ ಒಂದರ ಮೇಲೊಂದು ಬೀಳುವುದರಿಂದ, ಅವುಗಳಲ್ಲಿ ಅತಿ ಬಿಗಿಯಾದ ಮಿತಿಯೇ ಅನ್ವಯಿಸುತ್ತದೆ.

ವಾಸ್ತುಶಿಲ್ಪಿ: ಆ ಪತ್ರದಲ್ಲಿ ಮಹಡಿಗಳ ಸಂಖ್ಯೆ ಇರುವುದಿಲ್ಲ, ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂಬ ಒಂದು ಅಂಕಿ ಮಾತ್ರ ಇರುತ್ತದೆ. ಕಟ್ಟುವವರಿಗೆ ಗೊಂದಲ ಹುಟ್ಟುವುದು ಅಲ್ಲಿಯೇ.

ನಿಯಂತ್ರಕ: ವಿಮಾನಕ್ಕೆ ಬೇಕಾದದ್ದು ಕಟ್ಟಡದ ತುದಿ ಎಲ್ಲಿದೆ ಎಂಬುದು, ಬುಡ ಎಲ್ಲಿದೆ ಎಂಬುದಲ್ಲ. ಎಚ್‌ಎಎಲ್ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 888 ಮೀಟರ್ ಎತ್ತರದಲ್ಲಿದೆ. ಅದಕ್ಕೆ 45 ಕೂಡಿಸಿದರೆ ಒಳ ಸಮತಳ ಮೇಲ್ಮೈ 933 ಮೀಟರಿನಲ್ಲಿ ಬರುತ್ತದೆ. ನಿವೇಶನ 900 ಮೀಟರಿನ ದಿಣ್ಣೆಯ ಮೇಲಿದ್ದರೆ 33 ಮೀಟರಿಗೆ ಅವಕಾಶ, 875 ಮೀಟರಿನ ತಗ್ಗಿನಲ್ಲಿದ್ದರೆ 58 ಮೀಟರಿಗೆ. ಒಂದೇ ರಸ್ತೆಯ ಎರಡು ತುದಿಗಳಲ್ಲಿ ಮಹಡಿಗಳ ಸಂಖ್ಯೆ ಬೇರೆಯಾಗುವುದು ಪಕ್ಷಪಾತದಿಂದಲ್ಲ, ನೆಲದ ಏರಿಳಿತದಿಂದ. ಇನ್ನೊಂದು ಎಚ್ಚರವೆಂದರೆ, ಅನುಮತಿಸಿದ ತುದಿಯ ಮೇಲೆ ಏನೂ ಚಾಚಿಕೊಂಡಿರಬಾರದು: ತಾರಸಿಯ ಮೇಲಿನ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಆಂಟೆನಾ, ಸಿಡಿಲು ತಡೆಯುವ ಕಂಬಿ ಎಲ್ಲವೂ ಆ ಅಂಕಿಯೊಳಗೇ ಅಡಗಬೇಕು. ನಕ್ಷೆಯಲ್ಲಿ ಮಿತಿಯೊಳಗಿದ್ದ ಕಟ್ಟಡಗಳು ಮಿತಿ ಮೀರುವುದು ಬಹುಮಟ್ಟಿಗೆ ತಾರಸಿಯ ಮೇಲೆ, ಆಮೇಲೆ ಸೇರಿಸಿದ ಇಂಥ ವಸ್ತುಗಳಿಂದ. ಕಟ್ಟುವಾಗ ನಿಲ್ಲಿಸುವ ಕ್ರೇನಂತೂ ಕಟ್ಟಡಕ್ಕಿಂತ ಎತ್ತರವಾಗಿಯೇ ಇರುತ್ತದೆ. 2013ರ ಜನವರಿ 16ರಂದು ಲಂಡನ್ನಿನ ವಾಕ್ಸ್‌ಹಾಲ್‌ನಲ್ಲಿ ಹೆಲಿಕಾಪ್ಟರ್ ಬಡಿದದ್ದು ನಿರ್ಮಾಣದಲ್ಲಿದ್ದ ಗೋಪುರಕ್ಕೆ ಜೋಡಿಸಿದ್ದ ಕ್ರೇನಿಗೆ. ಪೈಲಟ್ ಮತ್ತು ಕೆಳಗಿದ್ದ ಒಬ್ಬ ಪಾದಚಾರಿ ಸತ್ತರು.

ವಾಸ್ತುಶಿಲ್ಪಿ: ಹಾಗಿದ್ದರೆ ಎತ್ತರದ ಅಂಕಿಯನ್ನು ಪಾಲಿಸಿದ ಕಟ್ಟಡದ ಮೇಲೆ ಬೇರೆ ಆಕ್ಷೇಪ ಇರಬಾರದು.

ನಿಯಂತ್ರಕ: ದುರದೃಷ್ಟವಶಾತ್ ಎತ್ತರ ಒಂದೇ ಮಾನದಂಡವಲ್ಲ, ವಿಶೇಷವಾಗಿ ಗಾಜು ಮತ್ತು ಲೋಹದ ಹೊದಿಕೆಯ ಅಗಲವಾದ ಕಚೇರಿ ಕಟ್ಟಡಗಳ ವಿಷಯದಲ್ಲಿ. ಮಂಜಿನಲ್ಲಿ ವಿಮಾನವನ್ನು ರನ್‌ವೇಯ ನಡುಗೆರೆಗೆ ತರುವ ಐಎಲ್‌ಎಸ್, ಅಂದರೆ ಉಪಕರಣ ಆಧಾರಿತ ಇಳಿಕೆಯ ವ್ಯವಸ್ಥೆ, ರೇಡಿಯೊ ಅಲೆಗಳನ್ನು ಆಧರಿಸಿದೆ. ದೊಡ್ಡ ಲೋಹದ ಗೋಡೆ ಆ ಅಲೆಗಳನ್ನು ಪ್ರತಿಫಲಿಸಿದಾಗ ನೇರವಾಗಿ ಬಂದ ಸಂಕೇತವೂ ಗೋಡೆಗೆ ತಾಗಿ ತಡವಾಗಿ ಬಂದ ಸಂಕೇತವೂ ಬೆರೆತು, ಪೈಲಟ್‌ನ ಸೂಚಕ ತೋರಿಸುವ ನಡುಗೆರೆ ನಿಜವಾದ ನಡುಗೆರೆಯಿಂದ ಬಾಗುತ್ತದೆ. ರೇಡಾರ್‌ನ ವಿಷಯದಲ್ಲಿ ಅದೇ ಗೋಡೆ ಹಿಂದಿನ ಭಾಗವನ್ನು ನೆರಳಿನಲ್ಲಿಟ್ಟು ಮರೆಮಾಡಬಹುದು, ಇಲ್ಲದ ಕಡೆ ವಿಮಾನವಿದೆಯೆಂದು ತೋರಿಸಲೂಬಹುದು. ನಿಯಂತ್ರಣ ಗೋಪುರದಿಂದ ರನ್‌ವೇಯ ಯಾವ ಭಾಗ ಕಾಣದಾಗುತ್ತದೆ, ಇಳಿಬಿಸಿಲಿನಲ್ಲಿ ಗಾಜು ಯಾವ ಹೊತ್ತಿಗೆ ಪೈಲಟ್‌ನ ಕಣ್ಣು ಕೋರೈಸುತ್ತದೆ ಎಂಬುದನ್ನೂ ಮೊದಲೇ ಪರಿಶೀಲಿಸಬೇಕು.

ವಾಸ್ತುಶಿಲ್ಪಿ: ಗಾಳಿಯ ಮಾತನ್ನು ಕೈಬಿಟ್ಟಿರಿ. ಎತ್ತರದ ಕಟ್ಟಡಗಳ ಬುಡದಲ್ಲಿ ಗಾಳಿ ಹೇಗೆ ಸುಳಿಯುತ್ತದೆ ಎಂಬುದು ವಾಸ್ತುಶಿಲ್ಪಿಗಳಿಗೂ ಗೊತ್ತಿರುವ ವಿಷಯ.

ನಿಯಂತ್ರಕ: ಅದು ಬಹುಕಾಲ ಅಲಕ್ಷ್ಯಕ್ಕೆ ಒಳಗಾದ ಅಂಶ. ರಭಸದ ಗಾಳಿ ಕಟ್ಟಡವನ್ನು ದಾಟಿದ ಮೇಲೆ ಅದರ ಹಿಂದೆ ಬಹುದೂರದವರೆಗೆ ಚದುರಿದ, ವೇಗ ಕಡಿಮೆಯಾದ ಹರಿವು ಉಳಿಯುತ್ತದೆ. ನೆದರ್‌ಲೆಂಡ್ಸ್‌ನ ಅಧ್ಯಯನಗಳಿಂದ ಬಂದು ಆಸ್ಟ್ರೇಲಿಯ ತನ್ನ ಮಾರ್ಗಸೂಚಿಯಲ್ಲಿ ಅಳವಡಿಸಿಕೊಂಡ ಸ್ಥೂಲ ಸೂತ್ರದ ಪ್ರಕಾರ, ಕಟ್ಟಡದಿಂದ ರನ್‌ವೇಗೆ ಇರುವ ದೂರ ಅದರ ಎತ್ತರದ 35 ಪಟ್ಟಿಗಿಂತ ಕಡಿಮೆಯಿದ್ದರೆ ಗಾಳಿಯ ಪರಿಣಾಮವನ್ನು ಬಿಡಿಯಾಗಿ ಅಳೆಯಬೇಕು. 30 ಮೀಟರಿನ ಕಟ್ಟಡಕ್ಕೆ ಇದು 1,050 ಮೀಟರ್ ಆಯಿತು. ಕಟ್ಟಡದಿಂದ ಉಂಟಾಗುವ ಸರಾಸರಿ ಗಾಳಿವೇಗದ ವ್ಯತ್ಯಾಸ ರನ್‌ವೇಯ ಉದ್ದಕ್ಕೆ 7 ನಾಟ್, ಅಡ್ಡಕ್ಕೆ 6 ನಾಟ್ ಮೀರಬಾರದೆಂಬುದು ಅಲ್ಲಿನ ಅಳತೆಗೋಲು. ಚಕ್ರ ಊರುವ ಮುನ್ನ ಅಡ್ಡಗಾಳಿಗೆ ಎದುರಾಗಿ ಮೂತಿ ತಿರುಗಿಸಿಕೊಂಡು ಬರುತ್ತಿರುವ ವಿಮಾನಕ್ಕೆ ಆ ಗಾಳಿ ಕಟ್ಟಡದ ಮರೆಯಲ್ಲಿ ತಟ್ಟನೆ ನಿಂತು, ಕಟ್ಟಡ ದಾಟಿದೊಡನೆ ತಟ್ಟನೆ ಮರಳಿದರೆ, ಅದನ್ನು ಸರಿಪಡಿಸಲು ಪೈಲಟ್‌ಗೆ ಸಿಗುವುದು ಒಂದೆರಡು ಸೆಕೆಂಡು. ಎತ್ತರದ ಎಲ್ಲ ಸಮತಲಗಳ ಕೆಳಗೇ ಇರುವ ಕಟ್ಟಡವೂ ಇಂಥ ತೊಂದರೆ ಕೊಡಬಲ್ಲದು.

ವಾಸ್ತುಶಿಲ್ಪಿ: ಇದುವರೆಗೆ ಹೇಳಿದ್ದೆಲ್ಲ ವಿಮಾನದ ಹಿತ. ಕಟ್ಟಡದೊಳಗೆ ಕೂತು ದುಡಿಯುವವರ ಹಿತ ಇದರಲ್ಲಿ ಎಲ್ಲಿ ಬರುತ್ತದೆ?

ನಿಯಂತ್ರಕ: ಅದು ಎತ್ತರದ ನಿಯಮಗಳಲ್ಲಿ ಬರುವುದೇ ಇಲ್ಲ, ಮತ್ತು ಅದೇ ಇಂದಿನ ದೊಡ್ಡ ಕೊರತೆ. 2017ರ ಫೆಬ್ರುವರಿ 21ರಂದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಎಸೆಂಡನ್ ನಿಲ್ದಾಣದಿಂದ ಮೇಲೇರಿದ ಸಣ್ಣ ವಿಮಾನ ಪಕ್ಕದ ವ್ಯಾಪಾರ ಸಂಕೀರ್ಣದ ಮೇಲೆ ಬಿದ್ದು ಅದರಲ್ಲಿದ್ದ ಐವರೂ ಸತ್ತರು. ಕಾರಣ ವಿಮಾನದ ಚುಕ್ಕಾಣಿಯ ಹೊಂದಾಣಿಕೆ ತಪ್ಪಾಗಿದ್ದದ್ದು. ಆದರೂ ಆ ಕಟ್ಟಡಕ್ಕೆ ಅನುಮತಿ ಸಿಕ್ಕ ಬಗೆಯನ್ನು ಅಲ್ಲಿನ ತನಿಖಾ ಸಂಸ್ಥೆ ಪ್ರತ್ಯೇಕವಾಗಿ ಪರಿಶೀಲಿಸಿತು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ವೈದ್ಯಕೀಯ ಕಾಲೇಜಿನ ವಸತಿಗೃಹದ ಮೇಲೆ ಬಿದ್ದಾಗ ಸತ್ತ 260 ಜನರಲ್ಲಿ 19 ಮಂದಿ ನೆಲದ ಮೇಲಿದ್ದವರು. ಕಟ್ಟಡಗಳು ಈ ದುರಂತಗಳಿಗೆ ಕಾರಣವಲ್ಲ. ರನ್‌ವೇಯ ತುದಿಯ ಆಚೆ ಯಾರು ಎಷ್ಟು ಜನ ಇರಬೇಕೆಂಬ ಪ್ರಶ್ನೆಯನ್ನು ಅವು ಎತ್ತುತ್ತವೆ. ಬ್ರಿಟನ್ನಿನಲ್ಲಿ ರನ್‌ವೇಗಳ ತುದಿಯಾಚೆ ಸಾರ್ವಜನಿಕ ಸುರಕ್ಷತಾ ವಲಯಗಳನ್ನು ಗುರುತಿಸಿ, ಅಲ್ಲಿ ಜನಸಂಖ್ಯೆ ಹೆಚ್ಚಿಸುವ ಹೊಸ ಕಟ್ಟಡಗಳಿಗೆ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಗೋದಾಮಿಗೂ ಸಾವಿರಾರು ಜನ ಕೂರುವ ಕಚೇರಿಗೂ ಎತ್ತರ ಒಂದೇ ಇರಬಹುದು, ಅಪಾಯ ಒಂದೇ ಅಲ್ಲ.

ವಾಸ್ತುಶಿಲ್ಪಿ: ಇಷ್ಟಾದರೂ ಮೂರು ಆಕ್ಷೇಪಗಳು ಉಳಿಯುತ್ತವೆ. ಈಗಾಗಲೇ ಎತ್ತರದ ಕಟ್ಟಡವೊಂದು ನಿಂತಿದ್ದರೆ ಅದರ ಮರೆಯಲ್ಲಿ ಇನ್ನೊಂದಕ್ಕೆ ಅನುಮತಿ ಸಿಗುತ್ತದೆ. 1950ರ ದಶಕದ ಚಿಂತನೆಯಿಂದ ಬಂದ ಈ ಸಮತಲಗಳನ್ನು ಅಂತರರಾಷ್ಟ್ರೀಯ ಸಂಸ್ಥೆಯೇ ಪರಿಷ್ಕರಿಸುತ್ತಿದೆ. ಇನ್ನು ಎಚ್‌ಎಎಲ್ ನಿಲ್ದಾಣದಿಂದ ನಿಗದಿತ ನಾಗರಿಕ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದ ಮೇಲೂ ಅದರ ಸುತ್ತ ನಿರ್ಬಂಧ ಮುಂದುವರಿದಿದೆ.

ನಿಯಂತ್ರಕ: ಮೊದಲನೆಯದು ನಿಜ; ಶಾಶ್ವತವಾದ ಅಡೆತಡೆಯ ನೆರಳಿನಲ್ಲಿ ಬರುವ ಹೊಸ ಕಟ್ಟಡದಿಂದ ಹೆಚ್ಚಿನ ಕೆಡುಕಿಲ್ಲವೆಂಬ ತತ್ವ ನಿಯಮದಲ್ಲಿದೆ. ಆದರೆ ಅದೇ ಕಾರಣಕ್ಕೆ ಮೊದಲ ತಪ್ಪು ಒಂಟಿಯಾಗಿ ಉಳಿಯುವುದಿಲ್ಲ, ಅದರ ಹಿಂದೆ ಸಾಲು ಬೆಳೆಯುತ್ತದೆ. ಎರಡನೆಯದೂ ಸರಿ, ಯಾವುದೇ ಕಾರಣಕ್ಕೂ ಮೀರಬಾರದ ಮೇಲ್ಮೈಗಳನ್ನೂ, ಮೀರಿದರೆ ಅಧ್ಯಯನ ನಡೆಸಿ ನಿರ್ಧರಿಸಬಹುದಾದ ಮೇಲ್ಮೈಗಳನ್ನೂ ಬೇರ್ಪಡಿಸಿದ ಹೊಸ ವ್ಯವಸ್ಥೆ 2030ರಿಂದ ಅನ್ವಯವಾಗಲಿದೆ. ಅದು ಕೆಲವು ಕಡೆ ಮಿತಿಯನ್ನು ಸಡಿಲಿಸಿದರೂ ಲೆಕ್ಕ ಹಾಕುವ ಹೊಣೆಯನ್ನು ಹೆಚ್ಚಿಸುತ್ತದೆ. ಮೂರನೆಯದಕ್ಕೆ ಉತ್ತರ, ಎಚ್‌ಎಎಲ್ ಈಗಲೂ ಪರೀಕ್ಷಾ ಹಾರಾಟಗಳ ನಿಲ್ದಾಣ ಎಂಬುದು. 2019ರ ಫೆಬ್ರುವರಿ 1ರಂದು ಅಲ್ಲಿ ಮಿರಾಜ್-2000 ವಿಮಾನ ಬಿದ್ದು ವಾಯುಪಡೆಯ ಇಬ್ಬರು ಪೈಲಟ್‌ಗಳು ಸತ್ತರು. ಹೊಸದಾಗಿ ಸಿದ್ಧವಾದ, ದುರಸ್ತಿಯಾಗಿ ಬಂದ ವಿಮಾನಗಳನ್ನು ಒರೆಗೆ ಹಚ್ಚುವ ಕಡೆ ಎಂಜಿನ್ ಕೈಕೊಡುವ ಸಂಭವ ಬೇರೆಡೆಗಿಂತ ಕಡಿಮೆಯಿರಲಾರದು. ನಿಲ್ದಾಣ ನಿಜಕ್ಕೂ ಮುಚ್ಚಿದರೆ ನಿರ್ಬಂಧಕ್ಕೂ ಅರ್ಥವಿರುವುದಿಲ್ಲ. ಹಾಂಗ್‌ಕಾಂಗಿನ ಕೈ ಟಾಕ್ ನಿಲ್ದಾಣ 1998ರ ಜುಲೈನಲ್ಲಿ ಮುಚ್ಚಿದ ಮೇಲೆಯೇ ಕೌಲೂನಿನ ಕಟ್ಟಡಗಳು ಎತ್ತರಕ್ಕೆ ಬೆಳೆದವು.

ವಾಸ್ತುಶಿಲ್ಪಿ: ಅಂದರೆ ತಮ್ಮ ಪ್ರಕಾರ ಕಟ್ಟಡಕ್ಕೆ ವಿಮಾನ ಬಡಿಯುತ್ತದೆಯೇ ಎಂಬ ಪ್ರಶ್ನೆಯೇ ತಪ್ಪು.

ನಿಯಂತ್ರಕ: ಅದು ಅಪೂರ್ಣವಾದ ಪ್ರಶ್ನೆ. ಈ ಕಟ್ಟಡ ಬಂದ ಮೇಲೆ ವಿಮಾನಗಳು ಇಲ್ಲಿಯವರೆಗೆ ಮಾಡಬಲ್ಲವಾಗಿದ್ದ ಯಾವುದನ್ನು ಮಾಡಲಾರವು ಎಂದು ಕೇಳಬೇಕು: ಎಷ್ಟು ಮೀಟರ್ ರನ್‌ವೇ ಹೋಯಿತು, ಎಷ್ಟು ಭಾರ ಇಳಿಯಿತು, ಮೋಡದ ಯಾವ ಮಟ್ಟಕ್ಕೆ ಇಳಿಯುವ ಅವಕಾಶ ತಪ್ಪಿತು, ಗಾಳಿ ಎಲ್ಲಿ ಕೆಟ್ಟಿತು. ಒಂದೊಂದು ಕಟ್ಟಡವನ್ನೂ ಬಿಡಿಬಿಡಿಯಾಗಿ ನೋಡಿದರೆ ಈ ನಷ್ಟ ಯಾವಾಗಲೂ ಅಲ್ಪವಾಗಿ ಕಾಣುತ್ತದೆ; ಇಪ್ಪತ್ತು ವರ್ಷಗಳ ನಷ್ಟವನ್ನು ಕೂಡಿಸಿದಾಗ ಮಾತ್ರ ಸಾರ್ವಜನಿಕರ ಹಣದಲ್ಲಿ ಕಟ್ಟಿದ ರನ್‌ವೇಯಲ್ಲಿ ಎಷ್ಟು ಪಾಲು ಖಾಸಗಿ ಮಹಡಿಗಳ ಪಾಲಾಯಿತು ಎಂಬುದು ತಿಳಿಯುತ್ತದೆ. ಈ ಲೆಕ್ಕವನ್ನು ನಿವೇಶನ ಕೊಳ್ಳುವ ಮೊದಲೇ, ನೆಲದ ಮಟ್ಟವನ್ನು ಅಳೆದು, ತಾರಸಿಯ ಕಂಬಿಯನ್ನೂ ಕ್ರೇನನ್ನೂ ಸೇರಿಸಿ ಮಾಡಬೇಕು, ಮತ್ತು ನಕ್ಷೆ ಮಂಜೂರು ಮಾಡುವ ಸ್ಥಳೀಯ ಸಂಸ್ಥೆ ಆ ಲೆಕ್ಕವನ್ನು ನೋಡದೆ ಸಹಿ ಹಾಕಬಾರದು. ಕಾಗದದ ಮೇಲೆ ಒಂದು ಮಹಡಿಯನ್ನು ಅಳಿಸುವುದಕ್ಕೆ ಹಿಡಿಯುವುದು ಒಂದು ದಿನ. ಕಟ್ಟಿದ ಮೇಲೆ ಅದನ್ನು ಇಳಿಸುವುದಕ್ಕೆ ಮೊಕದ್ದಮೆ, ಪರಿಹಾರ, ವರ್ಷಗಟ್ಟಲೆ ಕಾಲ ಬೇಕಾಗುತ್ತದೆ, ಮತ್ತು ಅಷ್ಟೂ ಕಾಲ ವಿಮಾನಗಳು ಆ ಕಟ್ಟಡದ ಮೇಲೆಯೇ ಹಾರುತ್ತಿರುತ್ತವೆ.